ಹೊತ್ತು ಕೊಡದ ಗೋಡೆ

ತೊರ್ರೆಸ್ಪೀನದ ಗಡಿಯಾರ ಗೋಪುರಕ್ಕೆ ನಾಲ್ಕು ಮೈ, ಮೂರು ಮುಖ. ಪಡುವಣಕ್ಕೆ, ಬಡಗಣಕ್ಕೆ, ತೆಂಕಣಕ್ಕೆ ಒಂದೊಂದು ಗಡಿಯಾರ. ಮೂಡಣಕ್ಕೆ ಬರೀ ಗೋಡೆ. ಮೂಡಣದಲ್ಲಿ, ಕಣಿವೆಯಾಚೆಯ ಗುಡ್ಡದ ತಲೆಯ ಮೇಲೆ, ಪೊಜ್ಜೊಬ್ರೂನೊ ಕೂತಿದೆ. ಆ ಊರಿನವರಿಗೆ ನೀರು ಕೊಡಬಾರದು, ಹೆಣ್ಣು ಕೊಡಬಾರದು, ಹೊತ್ತೆಷ್ಟಾಯಿತೆಂದೂ ಹೇಳಬಾರದು ಎಂದು ಗೋಪುರ ಕಟ್ಟಿಸಿದ ಹಿರಿಯರು ಆಗಲೇ ತೀರ್ಮಾನ ಮಾಡಿದ್ದರು. ಗಂಟೆಯ ಸದ್ದು ಗಾಳಿಯ ಜೊತೆ ಹೋಗಿಬಿಡುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ ಆ ಕಡೆಯ ಕಿಂಡಿಗೆ ಇಟ್ಟಿಗೆ ತುಂಬಿಸಿದರು. ಅಷ್ಟಾದರೂ ಪಡುವಣ ಗಾಳಿ ಬೀಸಿದ ದಿನ ಗಂಟೆ ಆಚೆ ಗುಡ್ಡಕ್ಕೆ ಕೇಳಿಸಿಯೇ ಕೇಳಿಸುತ್ತಿತ್ತು. ಅಂಥ ದಿನ ತೊರ್ರೆಸ್ಪೀನದ ಮುದುಕರು ಮನೆಯಲ್ಲೇನೋ ಕಳವಾದವರ ಹಾಗೆ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು.

ಬರೀ ಗೋಡೆ ಬರೀ ಗೋಡೆಯೇ ಎಂದು ಆಚೆಯವರಿಗೆ ಚೆನ್ನಾಗಿ ಕಾಣಬೇಕಲ್ಲ. ಅದಕ್ಕೆ ಪ್ರತಿವರ್ಷ ಸಂತ ವೆನಾಂಜಿಯೊನ ಹಬ್ಬಕ್ಕೆ ಮುಂಚೆ ಅದೊಂದೇ ಮೈಗೆ, ನೆತ್ತಿಯಿಂದ ಬುಡದವರೆಗೆ, ಸುಣ್ಣ ಬಳಿಯುವ ಪದ್ಧತಿ. ಉಳಿದ ಮೂರು ಮೈ ಪಾಚಿ ಹಿಡಿದರೂ ಸರಿಯೇ. ಸುಣ್ಣದ ಕುಂಚ ಗಾರೆಕೆಲಸದ ನಜ್ಜರೇನೊನ ಮನೆತನದ್ದು. ಅವನಪ್ಪ ಬಳಿದಿದ್ದ, ಅಜ್ಜ ಬಳಿದಿದ್ದ, ಅಜ್ಜನ ಅಣ್ಣ ಬಳಿಯುತ್ತಲೇ ಬಿದ್ದು ಸತ್ತಿದ್ದ. ಅವನ ಹೆಸರನ್ನು ಇಗರ್ಜಿಯಲ್ಲಿ ಯುದ್ಧದಲ್ಲಿ ಮಡಿದವರ ಸಾಲಿನಲ್ಲೇ ಕೆತ್ತಿಸಿದ್ದಾರೆ. ಅದೇ ಇಗರ್ಜಿಯ ಗೋಡೆಯ ಮೇಲಿನ ಕಡೆಯ ತೀರ್ಪಿನ ಚಿತ್ರದಲ್ಲಿ ನರಕಕ್ಕೆ ಇಳಿಯುತ್ತಿರುವವರೆಲ್ಲ ಪೊಜ್ಜೊಬ್ರೂನೊದ ಚೂಪು ಟೊಪ್ಪಿ ಹಾಕಿಕೊಂಡಿದ್ದಾರೆ.

ಆಚೆಯವರೇನು ಕಡಿಮೆಯಲ್ಲ. ತೊರ್ರೆಸ್ಪೀನಕ್ಕೆ ಎದುರಾಗಿರುವ ಕೋಟೆಗೋಡೆಯ ಮೇಲೆ ಅವರು ಒಳಚಡ್ಡಿಗಳನ್ನು ಮಾತ್ರ ಒಣಹಾಕುತ್ತಾರೆ. ಅಂಗಿ, ಹೊದಿಕೆ ಎಲ್ಲ ಹಿತ್ತಲಿಗೆ.

ಹೆಣ್ಣು ಕೊಡಬಾರದು ಎಂದಿದ್ದರೇ ಹೊರತು ತರಬಾರದು ಎಂದು ಯಾರೂ ಹೇಳಿರಲಿಲ್ಲ. ನಜ್ಜರೇನೊ ತಂದಿದ್ದ. ಯುದ್ಧಕ್ಕೆ ಮುಂಚೆ, ಕಣಿವೆಯ ಆಲಿವ್ ತೋಪಿನಲ್ಲಿ ಕಾಯಿ ಉದುರಿಸಲು ಬಂದಿದ್ದ ಎರ್ಸೀಲಿಯಳನ್ನು ನೋಡಿ, ಹೇಗೋ ಮಾಡಿ, ಮದುವೆಯಾಗಿ ಮೇಲೆ ಕರೆತಂದ. ಆ ದಿನ ಅವಳ ತಾಯಿ ಅಸ್ಸುಂತ ಈ ಕಡೆ ಮುಖ ಮಾಡಿದ್ದ ತನ್ನ ಕಿಟಕಿಯನ್ನು ದಢಾರನೆ ಮುಚ್ಚಿ, ಆ ಗುಡ್ಡಕ್ಕೆ ಹೋದವಳು ನನ್ನ ಪಾಲಿಗೆ ಸತ್ತಳು, ಅವಳು ಈ ಹೊಸ್ತಿಲು ತುಳಿಯಬಾರದು ಎಂದಳಂತೆ. ಎರ್ಸೀಲಿಯ ತುಳಿಯಲಿಲ್ಲ. ಮುದುಕಿಯ ಕಿಟಕಿ ಇನ್ನೂ ಮುಚ್ಚಿಯೇ ಇದೆ ಎಂದು ನಜ್ಜರೇನೊ ನಂಬಿದ್ದ. ನಂಬಿದ್ದ ಎನ್ನುವುದಕ್ಕಿಂತ, ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಅವನ ಯೋಚನೆಯಲ್ಲಿದ್ದವನು ಫುಲ್ವಿಯೊ. ಪೊಜ್ಜೊಬ್ರೂನೊದ ಕ್ಷೌರಿಕ. ನಜ್ಜರೇನೊಗಿಂತ ಮುಂಚೆ ಎರ್ಸೀಲಿಯಳನ್ನು ಮದುವೆಗೆ ಕೇಳಿದ್ದವನು. ಕ್ಷೌರಿಕ ಎಂದ ಮೇಲೆ ಕನ್ನಡಿ ಇದ್ದೇ ಇರುತ್ತದೆ. ನಜ್ಜರೇನೊನ ಸಂಕಟವೆಲ್ಲ ಆ ಕನ್ನಡಿಯಿಂದ ಹೊರಟದ್ದು.

ಎರ್ಸೀಲಿಯ ದಿನಾ ಸಂಜೆ ಬಿಳಿಗೋಡೆಯ ಬುಡಕ್ಕೆ ಹೋಗಿ ನಿಲ್ಲುತ್ತಿದ್ದಳು. ಕಪ್ಪು ಲಂಗ, ಕಪ್ಪು ಶಾಲು, ಬೆನ್ನು ಗೋಡೆಗೆ, ಮುಖ ಕಣಿವೆಗೆ. ಏನು ನೋಡ್ತೀಯ ಎಂದು ಅವನು ಮದುವೆಯಾದ ಹೊಸದರಲ್ಲಿ ಕೇಳಿದ್ದ. ಗಾಳಿಗೆ ನಿಲ್ತೀನಿ ಎಂದಿದ್ದಳು. ಅವನು ಮತ್ತೆ ಕೇಳಲಿಲ್ಲ. ಹೊಟ್ಟೆಕಿಚ್ಚಿನವನು ಮುಖ್ಯವಾದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತಾನೆ: ಗಾಳಿ ಜೋರಿತ್ತಾ, ಕಾಲು ನೋಯಲ್ವಾ, ಅಡುಗೆಗೆ ಹೊತ್ತಾಗಲ್ವಾ.

ಈ ಸಲದ ವಸಂತದಲ್ಲಿ ಇಗರ್ಜಿಯ ಮಾಡಿನ ಹೆಂಚು ಸರಿಮಾಡಲು ಹತ್ತಿದ್ದ ನಜ್ಜರೇನೊನ ಕಣ್ಣಿಗೆ ಅದು ಬಿತ್ತು. ಕೆಳಗೆ ಬಿಳಿಗೋಡೆಯ ಬುಡದಲ್ಲಿ ಎರ್ಸೀಲಿಯ, ಗೋಡೆಗಂಟಿದ ನೊಣದಷ್ಟು ಸ್ಪಷ್ಟ. ಮುಳುಗುವ ಸೂರ್ಯನ ಬೆಳಕು ಆಚೆ ಊರಿನ ಮೇಲೆ ನೇರವಾಗಿ ಬಿದ್ದಿತ್ತು. ಅಲ್ಲಿಂದ, ಮನೆಗಳ ಆ ಒತ್ತಿನಲ್ಲಿ ಎಲ್ಲಿಂದಲೋ, ಒಂದು ಬೆಳಕು ಫಳ್ಳನೆ ಮಿಂಚಿ ಆರಿತು. ಆರಿದ ಮೇಲೆ ಎರ್ಸೀಲಿಯ ಶಾಲು ಸರಿಮಾಡಿಕೊಂಡು ಮನೆಯ ಕಡೆ ನಡೆದಳು. ಮರುದಿನವೂ ಹಾಗೇ. ಅದರ ಮರುದಿನವೂ. ಮಿಂಚುವವರೆಗೆ ನಿಲ್ಲುವಳು, ಮಿಂಚಿದ ಮೇಲೆ ಇನ್ನಷ್ಟು ಹೊತ್ತು, ಇನ್ನೊಂದೇನೋ ಬರಬೇಕಿತ್ತು ಎಂಬಂತೆ ಕಾಯುವಳು, ಆಮೇಲೆ ಹೋಗುವಳು. ಮೋಡದ ದಿನ ಬೇಗ ಬಂದುಬಿಡುವಳು, ಬಂದವಳು ಪಾತ್ರೆಗಳನ್ನು ಕುಕ್ಕುವಳು.

ಅವನಿಗೆ ಊಟ ರುಚಿಸದಾಯಿತು. ಕಡಲೆಸಾರಿನಲ್ಲಿ ಚಮಚ ಇಟ್ಟರೆ ಅದರ ಹೊಳಪಿನಲ್ಲೂ ಫುಲ್ವಿಯೊ. ಅವನನ್ನು ನಜ್ಜರೇನೊ ಒಂದೇ ಸಲ ನೋಡಿದ್ದ, ಅದೂ ಯುದ್ಧಕ್ಕೆ ಮುಂಚೆ: ಗುಂಗುರು ಕೂದಲು, ತೆಳು ಮೀಸೆ, ನಕ್ಕರೆ ಹಲ್ಲೆಲ್ಲ ಕಾಣುವಂಥ ಬಾಯಿ. ಇಷ್ಟು ವರ್ಷವಾದರೂ ಅವನ ತಲೆಯಲ್ಲಿ ಫುಲ್ವಿಯೊನ ಒಂದು ಕೂದಲೂ ನೆರೆತಿರಲಿಲ್ಲ. ತನ್ನ ಕೈ ಮಾತ್ರ ಸುಣ್ಣಕ್ಕೆ ಸುಲಿದು ಸುಲಿದು ಸೌದೆಯಂತಾಗಿತ್ತು.

ಬಾರಿನಲ್ಲಿ ಇಸ್ಪೀಟು ಆಡುವಾಗ ಸೆರಾಫೀನೊ ಎಲೆ ಇಳಿಸುತ್ತ, ಯಾರನ್ನೂ ನೋಡದೆ ಮಾತು ತೆಗೆದ. ಹೆಸರಿಗೆ ಅಂಚೆಯವನು, ಕೆಲಸಕ್ಕೆ ಊರಿನ ಬಾಯಿ.

"ನಾವು ಅವರಿಗೆ ಹೊತ್ತು ಕೂಡ ಕೊಡಲ್ಲ. ನಜ್ಜರೇನೊ ದೊಡ್ಡ ಮನಸ್ಸಿನವನು ಕಣ್ರೋ, ದಿನಾ ಸಂಜೆ ಹೆಂಡ್ತೀನೇ ತೋರಿಸ್ತಾನೆ."

ಎಲ್ಲರೂ ನಕ್ಕರು. ನಜ್ಜರೇನೊನೂ ನಕ್ಕ. ನಗುತ್ತಲೇ ಅವನಿಗೆ ಹೊಳೆಯಿತು: ಅವಳು ಕಾಣುವುದು ಗೋಡೆ ಬೆಳ್ಳಗಿರುವುದರಿಂದ. ಅದನ್ನು ಬೆಳ್ಳಗೆ ಮಾಡುತ್ತಿರುವುದು ತಾನು. ವರ್ಷಾವರ್ಷ, ಹಗ್ಗಕ್ಕೆ ಜೋತುಬಿದ್ದು, ಹೆಂಡತಿಯ ಹಿಂದೆ ಬಿಳಿಯ ಪರದೆ ಕಟ್ಟುತ್ತಿರುವುದು ತಾನೇ.

ಹಬ್ಬದ ಮುಂಚೆ ಅವನು ಮನೆಮನೆಯ ಒಲೆಯ ಕೊಳವೆಗಳಿಂದ ಮಸಿ ಕೆರೆದು ತಂದ. ಸುಣ್ಣದಲ್ಲಿ ಕಲಸಿದ. ಬಳಿದು ಇಳಿದಾಗ ಗೋಡೆ ಮಳೆಮೋಡದ ಬಣ್ಣಕ್ಕೆ ತಿರುಗಿತ್ತು. ಒಣಗಿದ ಮೇಲೆ ಇನ್ನೂ ಕಪ್ಪಾಯಿತು.

ಜನ ಬಡಿಯಲು ಬರುತ್ತಾರೆ ಎಂದುಕೊಂಡಿದ್ದ. ಊರಿನ ಮೇಯರು ಏದುಸಿರು ಬಿಡುತ್ತ ಬಂದು, ಇದೇನಯ್ಯ ಮಾಡಿದ್ದೀಯ ಎಂದ. ಬಾಯಿಗೆ ಬಂದ ಸುಳ್ಳು ನಜ್ಜರೇನೊಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿತ್ತು.

"ಬಿಳಿ ಇದ್ರೆ ಅವರಿಗೆ ಗೋಡೆ ಆದ್ರೂ ಕಾಣ್ತಿತ್ತು ಸ್ವಾಮಿ. ಈಗ ಅದೂ ಇಲ್ಲ. ಹಿಂದಿನ ಬೆಟ್ಟದ ಜೊತೆ ಬೆರೆತುಹೋಗುತ್ತೆ. ಗೋಡೇನೂ ಯಾಕೆ ಕೊಡ್ಬೇಕು ಅವರಿಗೆ?"

ಮೇಯರು ಸ್ವಲ್ಪ ಹೊತ್ತು ಗೋಡೆ ನೋಡಿದ, ಅವನನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಅವನ ಕೆನ್ನೆ ಹಿಡಿದು ಮುತ್ತಿಟ್ಟ. ಹಬ್ಬದ ಮೆರವಣಿಗೆಯಲ್ಲಿ ಸಂತನ ಪಲ್ಲಕ್ಕಿಗೆ ಮುಂದಿನ ಹೆಗಲು ಕೊಡುವ ಮರ್ಯಾದೆ ಆ ವರ್ಷ ನಜ್ಜರೇನೊನದಾಯಿತು. ನಾಲ್ಕು ನೂರು ವರ್ಷದಲ್ಲಿ ಯಾರಿಗೂ ಹೊಳೆಯದ್ದು ಇವನಿಗೆ ಹೊಳೆಯಿತಲ್ಲ ಎಂದು ಮುದುಕರು ತಲೆದೂಗಿದರು. ಬಾರಿನಲ್ಲಿ ಅವನ ಲೋಟ ಬರಿದಾಗಲು ಬಿಡಲಿಲ್ಲ. ಎರ್ಸೀಲಿಯ ಮಾತ್ರ ಗೋಡೆಯನ್ನು ನೋಡಿ, ಬೆರಳಿನಿಂದ ಮುಟ್ಟಿ, ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಅಂದು ಸಂಜೆ ಅವನು ಮತ್ತೆ ಮಾಡಿನ ಮೇಲೆ ಹತ್ತಿದ, ಹೆಂಚು ಎಲ್ಲವೂ ಸರಿಯಿದ್ದರೂ. ಗೋಡೆಯ ಬುಡದಲ್ಲಿ ಹೆಂಡತಿಯನ್ನು ಹುಡುಕಬೇಕಾಯಿತು. ಕಪ್ಪಿನಲ್ಲಿ ಕಪ್ಪು. ಅವಳ ಮುಖ ಒಂದು ನಿಂಬೆಹಣ್ಣಿನಷ್ಟು ತೇಲುತ್ತಿತ್ತು, ಅಷ್ಟೇ. ಆಚೆ ಊರಿನಿಂದ ಏನೂ ಮಿಂಚಲಿಲ್ಲ. ಸೂರ್ಯ ಇಳಿದ. ಅವಳು ನಿಂತೇ ಇದ್ದಳು.

ಮರುದಿನವೂ ಮಿಂಚಲಿಲ್ಲ. ಎರ್ಸೀಲಿಯಳ ಮುಖ ದಿನದಿಂದ ದಿನಕ್ಕೆ ಇಳಿಯಿತು. ಬ್ರೆಡ್ಡಿಗೆ ಉಪ್ಪು ಹೆಚ್ಚಾಯಿತು, ಅಂಗಿಯ ಗುಂಡಿ ತಪ್ಪಾಗಿ ಹೊಲಿದಳು. ಮೊದಲು ಅವನಿಗೆ ಗೆದ್ದ ಖುಷಿ. ಆಮೇಲೆ ಆ ಖುಷಿಯೇ ಹುಳಿಯಾಯಿತು. ತಾನು ಯುದ್ಧಕ್ಕೆ ಹೋಗಿ ಬರುವವರೆಗೆ ಇವಳು ಹೀಗೆ ಸೊರಗಿದ್ದಳೇ? ಇವಳು ದಪ್ಪಗಾಗಿದ್ದಳು ಎಂದು ಅವನ ನೆನಪು. ಒಬ್ಬ ಕ್ಷೌರಿಕನ ಕನ್ನಡಿಗಾಗಿ ಇಷ್ಟು ಕೊರಗು! ಅವಳ ಪ್ರೀತಿಯ ಮೇಲೆ ಇದ್ದ ಹೊಟ್ಟೆಕಿಚ್ಚು ಈಗ ಅವಳ ದುಃಖದ ಮೇಲೆ ಹೋಗಿ ಕೂತಿತು. ಆ ದುಃಖವೂ ತನಗೆ ಸಲ್ಲಬೇಕಾದದ್ದು, ಯಾರೋ ಕದ್ದಿದ್ದಾರೆ ಎನ್ನಿಸಿತು.

ಸೋತವನ ಮುಖ ನೋಡದೆ ಗೆಲುವು ಪೂರ್ತಿಯಾಗುವುದಿಲ್ಲ. ಭಾನುವಾರ ಮಧ್ಯಾಹ್ನ, ಸುಣ್ಣದ ಕಲ್ಲು ನೋಡಿ ಬರುತ್ತೇನೆಂದು ಹೇಳಿ, ನಜ್ಜರೇನೊ ಕಣಿವೆ ಇಳಿದು ಆಚೆ ಗುಡ್ಡ ಹತ್ತಿದ.

ಪೊಜ್ಜೊಬ್ರೂನೊದ ಹೆಬ್ಬಾಗಿಲು ದಾಟಿದಾಗ ಏನೋ ಕಡಿಮೆಯಾಗಿದೆ ಎನ್ನಿಸಿತು. ಏನೆಂದು ತಿಳಿಯಲಿಲ್ಲ. ಕ್ಷೌರದ ಅಂಗಡಿ ಹಳೆಯ ಕಮಾನೊಂದರ ಕೆಳಗೆ, ಇಳಿಜಾರಿನ ಆಚೆ ಮಗ್ಗುಲಲ್ಲಿ ಇತ್ತು. ಒಳಗೆ ಬೋಳುತಲೆಯ, ಹೊಟ್ಟೆ ಬಂದ ಒಬ್ಬ ಮನುಷ್ಯ ಕತ್ತರಿಗೆ ಎಣ್ಣೆ ಹಾಕುತ್ತಿದ್ದ. ನಜ್ಜರೇನೊ, ಫುಲ್ವಿಯೊ ಇಲ್ಲವಾ ಎಂದು ಕೇಳಿದ.

"ನಾನೇ. ಕೂತ್ಕೊಳ್ಳಿ. ಗಡ್ಡ ತಾನೇ?"

ಕೂತ. ಎದುರಿಗೆ ಪಾದರಸ ಕಿತ್ತ, ತಟ್ಟೆಯಷ್ಟಗಲದ ಒಂದು ಕನ್ನಡಿ ಮೊಳೆಗೆ ತೂಗಿತ್ತು. ಹಗಲಿನಲ್ಲೇ ದೀಪ ಹಚ್ಚಿತ್ತು. ಗುಂಗುರು ಕೂದಲಿನವನನ್ನು ಕೊಲ್ಲಲೋ ಬಯ್ಯಲೋ ಬಂದವನಿಗೆ ಈ ಬೋಳುತಲೆಯನ್ನು ಏನು ಮಾಡಬೇಕೆಂದು ತೋಚಲಿಲ್ಲ. ಸಂಜೆ ಇಲ್ಲಿಗೆ ಬಿಸಿಲು ಬರುತ್ತದೆಯೇ ಎಂದು ಕೇಳಿದ. ಫುಲ್ವಿಯೊ ನೊರೆ ಹಚ್ಚುತ್ತ, ಬೆಳಿಗ್ಗೆ ಒಂದಿಷ್ಟು ಇಣುಕುತ್ತೆ, ಸಂಜೆ ಬಿಸಿಲೆಲ್ಲ ಕೋಟೆಸಾಲಿನ ಮನೆಯವರ ಪಾಲು ಎಂದ. ಆಮೇಲೆ ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆದು, ಗಿರಾಕಿಯ ಗಲ್ಲ ಎತ್ತಿ ಹಿಡಿದ.

"ಕೈ ನೋಡಿದ್ರೆ ಗಾರೆಯವರು. ಹುಬ್ಬಿನ ಸಂದೀಲಿ ಸುಣ್ಣ. ಅಳಿಯಂದ್ರು ಅಲ್ವಾ ನೀವು, ಆಚೆ ಗುಡ್ಡದೋರು? ಅಸ್ಸುಂತಮ್ಮನ ಅಳಿಯ."

ಕುತ್ತಿಗೆಯ ಮೇಲೆ ಕತ್ತಿ ಇರುವಾಗ ತಲೆಯಾಡಿಸಲು ಬರುವುದಿಲ್ಲ. ನಜ್ಜರೇನೊ ಕಣ್ಣು ಮುಚ್ಚಿ ತೆರೆದ.

"ಹೋಗಿದ್ದು ಯಾರು, ನಿಮ್ಮೂರಲ್ಲಿ?"

ಹೋಗಿದ್ದಾ ಎಂದ ನಜ್ಜರೇನೊ, ತುಟಿ ಅಲುಗಿಸದೆ.

"ಗೋಪುರಕ್ಕೆ ಕಪ್ಪು ಹೊದಿಸಿದ್ದೀರಲ್ಲ. ಪಾದ್ರಿಗಳೇನಾದ್ರೂ ಹೋದ್ರಾ ಅಂತ ಇಲ್ಲಿ ಮಾತು. ನೋಡಿ, ನಾವು ಜಗಳ ಆಡೋರು ನಿಜ. ಹಂಗಂತ ಸಾವಿನ ಮನೆ ಮುಂದೆ ಚಡ್ಡಿ ಒಣಹಾಕೋರಲ್ಲ. ಅವತ್ತೇ ಎಲ್ಲ ತೆಗೆಸಿದ್ವಿ."

ಕಡಿಮೆಯಾಗಿದ್ದು ಅದೇ. ಕೋಟೆಗೋಡೆ ಖಾಲಿಯಿತ್ತು.

ಆಮೇಲಿನದನ್ನು ಫುಲ್ವಿಯೊ ದನಿ ತಗ್ಗಿಸಿ ಹೇಳಿದ. ಅಸ್ಸುಂತಮ್ಮನಿಗೆ ಹತ್ತಿರದ ಸೂಜಿ ಕಾಣದು, ದೂರದ್ದು ಮಾತ್ರ ಹದ್ದಿನ ಹಾಗೆ ಕಾಣುತ್ತದೆ. ಮಗಳು ಬಿಳಿಗೋಡೆಗೆ ಬಂದು ನಿಂತರೆ ಮುದುಕಿ ಕಿಟಕಿಯ ಗಾಜಿನ ಬಾಗಿಲು ತಿರುಗಿಸಿ ಬಿಸಿಲು ಮಿಂಚಿಸುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು, ಯಾರೂ ಆಡಿಕೊಳ್ಳುತ್ತಿರಲಿಲ್ಲ. ಈಗ ಗೋಪುರ ಕಪ್ಪಾಯಿತು, ಮಗಳು ಕಾಣದಾದಳು. ಮುದುಕಿ ಎರಡನ್ನೂ ಕೂಡಿಸಿಕೊಂಡು, ಕಪ್ಪು ಹೊದಿಸಿರುವುದು ತನ್ನ ಮಗಳಿಗೇ ಎಂದುಬಿಟ್ಟಿದ್ದಾಳೆ. ಕಿಟಕಿ ಮುಚ್ಚಿ ಮಲಗಿದ್ದಾಳೆ. ಮಗಳ ಹೆಸರಿನಲ್ಲಿ ಪೂಜೆ ಮಾಡಿಸಿ ಎಂದು ಪಾದ್ರಿಗೆ ಹೇಳಿಕಳಿಸಿದ್ದಾಳೆ.

"ಹೇಳಿ," ಎಂದ ಫುಲ್ವಿಯೊ, ಕತ್ತಿ ಎತ್ತಿ ಹಿಡಿದು. "ಎರ್ಸೀಲಿಯ ಬದುಕಿದಾಳೆ ತಾನೇ?"

ಆ ದನಿಯಲ್ಲಿ ಒಂದು ಗರಿಯಷ್ಟು ಹಳೆಯ ಆಸೆ ಇತ್ತೋ ಇಲ್ಲವೋ. ಇದ್ದಿದ್ದರೆ ನಜ್ಜರೇನೊಗೆ ಎಷ್ಟೋ ವಾಸಿಯಾಗುತ್ತಿತ್ತು. ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ ಎಂದು ಹೇಳಿ, ಅರ್ಧ ಗಡ್ಡಕ್ಕೇ ಎದ್ದ. ಫುಲ್ವಿಯೊ, ದೇವರು ದೊಡ್ಡವನು ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಉಳಿದರ್ಧ ಬೋಳಿಸದೆ ಮಾತ್ರ ಬಿಡಲಿಲ್ಲ.

ಅತ್ತೆಯ ಮನೆಗೆ ಹೋಗಿ ಕದ ತಟ್ಟಬಹುದಿತ್ತು. ಆ ಓಣಿಯ ತುದಿಯವರೆಗೂ ಹೋದ. ಮುಚ್ಚಿದ ಕಿಟಕಿಯನ್ನು ನೋಡಿ ಹಿಂತಿರುಗಿದ. ಕಣಿವೆಯಲ್ಲಿ ಇಳಿಯುವಾಗ ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಗಂಡಸಾಗಿದ್ದರೆ ಗುದ್ದಬಹುದಿತ್ತು. ಮೀಸೆ ಇದ್ದಿದ್ದರೆ ಕೀಳಬಹುದಿತ್ತು. ಒಬ್ಬ ಮುದುಕಿ, ಒಂದು ಕಿಟಕಿ; ತಾಯಿ ಮಗಳ ನಡುವೆ ತಾನು ಬರುವ ಮುಂಚಿನಿಂದ ಇದ್ದಂಥ ಒಂದು ಮಾತು. ತನ್ನ ಮನೆಯ ಒಲೆಗೆ ದಿನಾ ಹಿಂತಿರುಗುತ್ತಿದ್ದವಳು ಕಣ್ಣಿನಲ್ಲೇ ಅಲ್ಲಿಗೆ ಹೋಗಿ ಬರುತ್ತಿದ್ದಳು. ಅವಳಿಗೆ ಹೇಳಿದರೆ ಹೊರಟುಬಿಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಹೇಳದೇ ಇದ್ದರೆ ಮುದುಕಿ ಸಾಯುತ್ತಾಳೆ. ಸತ್ತರೆ? ಎಂದು ಮನಸ್ಸು ಒಂದು ಸಲ ಮೆಲ್ಲಗೆ ಕೇಳಿತು. ಆಲಿವ್ ತೋಪಿನಲ್ಲಿ ಅವನು ಕೂತುಬಿಟ್ಟ. ಹೊತ್ತು ತಿರುಗುವವರೆಗೂ ಕೂತಿದ್ದ.

ಮನೆ ಸೇರಿದಾಗ ಎರ್ಸೀಲಿಯ ಜೋಳದ ಹಿಟ್ಟಿನ ಪೊಲೆಂತವನ್ನು ಕೋಲಿನಿಂದ ತಿರುವುತ್ತಿದ್ದಳು. ಅವನು ನಿಂತಲ್ಲೇ ಹೇಳಿದ: ನಿನ್ನ ತಾಯಿ ನೀನು ಸತ್ತಿದ್ದೀ ಅಂದ್ಕೊಂಡಿದ್ದಾಳೆ. ಕೋಲು ನಿಂತಿತು. ಪೊಲೆಂತ ಒಂದೆರಡು ಸಲ ಗುಳುಗುಟ್ಟಿ ತಳ ಹತ್ತಿತು.

"ಗೋಡೆಗೆ ಮಸಿ ಬಳಿದದ್ದು ಊರಿಗೋಸ್ಕರ ಅಲ್ಲ," ಎಂದಳು. ಕೇಳಿದ್ದಲ್ಲ. "ನನಗೋಸ್ಕರ."

"ಫುಲ್ವಿಯೊ ಅಂದ್ಕೊಂಡೆ."

"ಫುಲ್ವಿಯೊ," ಎಂದಳು ಅವಳು. ಆ ಹೆಸರು ಯಾರದೆಂದು ನೆನಪು ಮಾಡಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಆಮೇಲೆ ಒಲೆಯಿಂದ ಪಾತ್ರೆ ಇಳಿಸುತ್ತ, ಅವನ ಕಡೆ ನೋಡದೆ ಹೇಳಿದಳು. ಚಿಕ್ಕವಳಿದ್ದಾಗ ಅವಳು ಕೆಳಗೆ ತೋಪಿನಲ್ಲಿ ಕೆಲಸ ಮಾಡುವಾಗ ತಾಯಿ ಮೇಲಿನಿಂದ ಕಿಟಕಿ ಮಿಂಚಿಸುತ್ತಿದ್ದಳು. ಒಂದು ಸಲ ಮಿಂಚಿದರೆ, ನಂದು ಊಟ ಆಯ್ತು, ನೀನೂ ತಿನ್ನು ಅಂತ. ಎರಡು ಸಲ ಮಿಂಚಿದರೆ, ಮನೆಗೆ ಬಾ ಅಂತ. ಮದುವೆಯಾದ ಮೂರನೆಯ ವರ್ಷ ಒಂದು ಸಂಜೆ ಗೋಡೆಯ ಹತ್ತಿರ ನಿಂತಿದ್ದಾಗ ಕಿಟಕಿ ಒಂದು ಸಲ ಮಿಂಚಿತು. ಅವತ್ತಿನಿಂದ ದಿನಾ.

"ಎರಡು ಸಲ ಮಿಂಚಲಿ ಅಂತ ಕಾಯ್ತಿದ್ದೆ. ಒಂದೇ ಒಂದು ದಿನಾನೂ ಮಿಂಚಲಿಲ್ಲ."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನೂ ಬಂದು ಪಕ್ಕದಲ್ಲಿ ನಿಲ್ತಿದ್ದೆ. ಇಬ್ಬರು ಕಂಡಿದ್ರೆ ಅವಳು ಕಿಟಕಿ ಮುಚ್ತಿದ್ಲು."

ಒಳಗೆ ಹೋಗಿ ಪೆಟ್ಟಿಗೆ ತೆರೆದ ಸದ್ದಾಯಿತು. ಹೊರಗೆ ಬಂದಾಗ ಅವಳು ನೀಲಿ ಲಂಗ ತೊಟ್ಟಿದ್ದಳು. ಆಲಿವ್ ತೋಪಿನಲ್ಲಿ ಅವನು ಮೊದಲು ನೋಡಿದ ದಿನದ್ದು. ಸೊಂಟದ ಹತ್ತಿರ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದಳು, ಯಾವಾಗ ಮಾಡಿದಳೋ. ಕಪ್ಪಲ್ಲಿ ಹೋದ್ರೆ ನನ್ನ ದೆವ್ವ ಅಂತಾಳೆ ಎಂದಳು. ಕಪ್ಪು ಶಾಲು ಬಾಗಿಲ ಹಿಂದಿನ ಗೂಟದಲ್ಲೇ ಉಳಿಯಿತು.

ಯಾವಾಗ ಬರ್ತೀ ಎಂದು ಅವನು ಕೇಳಿದ.

"ಕರೀದೇ ಹೋಗ್ತಿರೋ ಮನೆ. ಅಲ್ಲಿ ಏನಾಗುತ್ತೋ ನೋಡ್ಬೇಕು."

ಅಷ್ಟು ಹೇಳಿ ಅವಳು ಇಳಿದುಹೋದಳು. ನೀಲಿ ಲಂಗ ತೋಪಿನ ಬೂದುಹಸಿರಿನಲ್ಲಿ ಎಷ್ಟೋ ಹೊತ್ತು ಕಾಣುತ್ತಿತ್ತು. ಆ ಬಟ್ಟೆ ನನಗಾಗಿ ಒಂದು ಸಲವಾದರೂ ಹೊರಗೆ ಬಂದಿತ್ತೇ ಎಂದು ಅವನು ಕಟ್ಟೆಯ ಮೇಲೆ ಕೂತು ಯೋಚಿಸಿದ. ಬಂದಿತ್ತು. ಬಂದಿರಬೇಕು.

ಅವಳು ಬರಲಿಲ್ಲ. ಮಂಗಳವಾರ ಸೆರಾಫೀನೊ ಆಚೆ ಊರಿನ ಅಂಚೆಯವನಿಂದ ಕೇಳಿದ ಸುದ್ದಿ ತಂದ: ಮುದುಕಿ ಎದ್ದು ಕೂತಿದ್ದಾಳೆ, ಗಂಜಿ ಕುಡಿಯುತ್ತಿದ್ದಾಳೆ, ಮಗಳನ್ನು ಕಂಡ ಮೊದಲಿಗೆ ಕೆನ್ನೆಗೆ ಬಾರಿಸಿದಳಂತೆ, ಆಮೇಲೆ ಕೈ ಬಿಟ್ಟೇ ಇಲ್ಲವಂತೆ. ಕೋಟೆಗೋಡೆಯ ಮೇಲೆ ಚಡ್ಡಿಗಳು ಮತ್ತೆ ಹಾರಾಡತೊಡಗಿದವು. ನಜ್ಜರೇನೊ ಒಬ್ಬನೇ ತಳಹತ್ತಿದ ಪಾತ್ರೆ ಉಜ್ಜಿದ. ಎರಡು ತಟ್ಟೆ ಇಳಿಸಿ ಒಂದನ್ನು ವಾಪಸ್ ಇಟ್ಟ.

ಬುಧವಾರ ಅವನು ಹಗ್ಗ ಕಟ್ಟಿ ಗೋಪುರಕ್ಕೆ ಇಳಿಬಿದ್ದ. ಮಸಿ ಮುಚ್ಚಲು ಒಂದು ಕೈ ಸುಣ್ಣ ಸಾಲಲಿಲ್ಲ, ಎರಡು ಸಾಲಲಿಲ್ಲ. ಪ್ರತಿಸಲ ಒಣಗಿದಾಗ ಕೆಳಗಿನ ಕಪ್ಪು ಮೇಲಕ್ಕೆ ಇಣುಕುತ್ತಿತ್ತು. ಕೆಳಗೆ ಜನ ಸೇರಿದರು. ಪಲ್ಲಕ್ಕಿಗೆ ಹೆಗಲು ಕೊಟ್ಟ ಮನುಷ್ಯ ಹೀಗೆ ಮಾಡಬಹುದೇ ಎಂದು ಮುದುಕರು ಉಗುಳಿ ಹೋದರು. ಮುಂದಿನ ವರ್ಷ ಕುಂಚ ಬೇರೆಯವರ ಕೈಗೆ ಹೋಗುತ್ತದೆ ಎಂದು ಮೇಯರು ಹೇಳಿಕಳಿಸಿದ.

"ಲೋ ನಜ್ಜರೇನೊ," ಎಂದು ಸೆರಾಫೀನೊ ಕೆಳಗಿನಿಂದ ಕೂಗಿದ. "ಗೋಡೆ ವಾಪಸ್ ಕೊಡ್ತಿದ್ದೀಯೇನೋ? ಆಗ್ಲಿ. ಅವರೇನು ಕೊಟ್ರು ನಿನಗೆ?"

ಅವನು ಕುಂಚ ಅದ್ದಿ ಬಳಿಯುತ್ತಲೇ ಹೋದ. ಬುಡದವರೆಗೆ ಬಳಿದು ಮುಗಿಸುವಾಗ ಶನಿವಾರದ ಸಂಜೆಯಾಗಿತ್ತು. ಬಿಸಿಲು ಆಚೆ ಗುಡ್ಡದ ಮೇಲೆ ಬಿದ್ದು ಕಿಟಕಿಗಳೆಲ್ಲ ಹೊನ್ನಾಗಿದ್ದವು. ಅವನು ಗೋಡೆಗೆ ಬೆನ್ನು ಕೊಟ್ಟು ನಿಂತ. ನಿಂತ ಮೇಲೆ ತನ್ನ ಕೈ ನೋಡಿಕೊಂಡ, ಅಂಗಿ ನೋಡಿಕೊಂಡ. ತಲೆಯಿಂದ ಕಾಲಿನವರೆಗೆ ಸುಣ್ಣ. ಬಿಳಿಯಲ್ಲಿ ಬಿಳಿ. ಆಚೆಯಿಂದ ನೋಡಿದವರಿಗೆ ಅಲ್ಲಿ ಯಾರೂ ಇರಲಿಲ್ಲ.

ಮನೆಗೆ ಓಡಿದ. ಬಾಗಿಲ ಹಿಂದಿನ ಗೂಟದಿಂದ ಕಪ್ಪು ಶಾಲು ಎಳೆದುಕೊಂಡು, ಹೆಂಗಸರ ಹಾಗೆ ತಲೆಯ ಮೇಲಿಂದ ಹೊದ್ದು, ಓಣಿಯಲ್ಲಿ ಎದುರಾದವರನ್ನು ಲೆಕ್ಕಿಸದೆ ಹಿಂತಿರುಗಿ ಬಂದು ನಿಂತ. ಶಾಲಿನಲ್ಲಿ ಅವಳ ಕೂದಲಿನ ವಾಸನೆ, ಒಲೆಯ ಹೊಗೆ. ಇಷ್ಟು ವರ್ಷ ಈ ಗೋಡೆಗೆ ಜೋತುಬಿದ್ದವನು ಒಂದು ಸಲವೂ ಹೀಗೆ ಅದಕ್ಕೆ ಬೆನ್ನು ಕೊಟ್ಟು ನಿಂತಿರಲಿಲ್ಲ. ಇಲ್ಲಿಂದ ನೋಡಿದರೆ ತೊರ್ರೆಸ್ಪೀನವೇ ಕಾಣುವುದಿಲ್ಲ. ಕಾಣುವುದು ಆಚೆ ಊರು ಮಾತ್ರ.

ಕೋಟೆಸಾಲಿನಲ್ಲಿ ಒಂದು ಕಿಟಕಿ ಫಳ್ಳನೆ ಮಿಂಚಿತು.

ತಿರುಗಿಸಿದ ಕೈ ಯಾರದು? ಮುದುಕಿಯದಾಗಿರಲಾರದು, ಅವಳು ಅವನಿಗಾಗಿ ಎಂದೂ ತಿರುಗಿಸುವವಳಲ್ಲ. ಒಂದು ಸಲ. ಅಂದರೆ ಅವರ ಊಟ ಆಗಿದೆ. ಏನು ತಿಂದಿರಬಹುದು ಎಂದು ಅವನಿಗೆ ಹೊಟ್ಟೆ ಉರಿಯಿತು. ಅವಳು ಅಲ್ಲಿ ಏನು ಮಾಡಿದಳು, ಸಾರಿಗೆ ಉಪ್ಪು ಸರಿಯಿತ್ತೇ, ಬ್ರೆಡ್ಡಿನ ಗಟ್ಟಿ ತುದಿಯನ್ನು ಯಾರಿಗೆ ಮುರಿದು ಕೊಟ್ಟಳು? ಆ ತುದಿ ಯಾವಾಗಲೂ ಅವನದು.

ಬಿಸಿಲು ಒಂದೊಂದೇ ಕಿಟಕಿಯಿಂದ ಇಳಿಯತೊಡಗಿತು. ನೆತ್ತಿಯ ಮೇಲೆ ಗಂಟೆ ಬಾರಿಸಿತು, ಪಡುವಣ ಗಾಳಿ ಅದನ್ನು ಎತ್ತಿಕೊಂಡು ಕಣಿವೆಯಾಚೆ ಹೋಯಿತು. ನಜ್ಜರೇನೊ ಶಾಲನ್ನು ಕುತ್ತಿಗೆಗೆ ಬಿಗಿದುಕೊಂಡು ನಿಂತೇ ಇದ್ದ. ಎರಡನೆಯ ಮಿಂಚು ಬರಲು ಇನ್ನೂ ಒಂದಿಷ್ಟು ಬಿಸಿಲಿತ್ತು.